ಟೋಪಿ ಮೂರು, ತಲೆ ಒಂದು, ಚೀಲ ಬೇರೆ ಬೇರೆ

ಯುದ್ಧದಲ್ಲಿ ನಲುಗಿದ ದೇಶಕ್ಕೆ ವಿಶ್ವಸಂಸ್ಥೆ ಹೋದಾಗ ಶಾಂತಿಪಾಲಕರು, ಅಭಿವೃದ್ಧಿಯವರು, ನೆರವಿನವರು ಒಂದೇ ಯೋಜನೆಯಡಿ ದುಡಿಯಬೇಕು ಎನ್ನುವುದನ್ನು ಈಗ ಬಹಳ ಮಂದಿ ಒಪ್ಪುತ್ತಾರೆ. ಅದಕ್ಕೊಂದು ಏರ್ಪಾಡೂ ಇದೆ. ಆ ದೇಶದಲ್ಲಿನ ವಿಶ್ವಸಂಸ್ಥೆ ಮಿಷನ್ನಿನ ಉಪಮುಖ್ಯಸ್ಥರಲ್ಲಿ ಸಾಮಾನ್ಯವಾಗಿ ಒಬ್ಬರೇ ಅಭಿವೃದ್ಧಿ ಸಂಸ್ಥೆಗಳಿಗೂ ಮಾನವೀಯ ನೆರವಿಗೂ ಸಂಯೋಜಕರು. ಒಂದೇ ತಲೆಗೆ ಮೂರು ಟೋಪಿ. (ಕನ್ನಡದಲ್ಲಿ ಟೋಪಿಗೆ ಇನ್ನೊಂದು ಅರ್ಥವೂ ಇದೆ, ಇರಲಿ.) ಆದರೆ ದುಡ್ಡಿನ ಚೀಲಗಳನ್ನು ಯಾರೂ ಒಂದು ಮಾಡಲಿಲ್ಲ. ಶಾಂತಿಪಾಲನೆಗೆ ಸದಸ್ಯ ರಾಷ್ಟ್ರಗಳ ಕಡ್ಡಾಯ ವಂತಿಗೆ ಬರುತ್ತದೆ. ಉಳಿದೆರಡು ಬಹುಪಾಲು ದಾನಿ ದೇಶಗಳ ಮರ್ಜಿಯ ಮೇಲೆ ನಡೆಯುತ್ತವೆ.

ಇದರಿಂದ ಏನಾಗುತ್ತದೆ ಅಂತ ಪಶ್ಚಿಮ ಆಫ್ರಿಕಾದ ಲೈಬೀರಿಯಾ ನೋಡಿದರೆ ಗೊತ್ತಾಗುತ್ತದೆ. 2003ರ ಡಿಸೆಂಬರ್‌ನಲ್ಲಿ ರಾಜಧಾನಿ ಮನ್ರೋವಿಯಾ ಹತ್ತಿರದ ಶಿಬಿರದಲ್ಲಿ ಅಂತರ್ಯುದ್ಧದ ಹೋರಾಟಗಾರರಿಂದ ಶಸ್ತ್ರ ಒಪ್ಪಿಸಿಕೊಳ್ಳಲು ಶುರುಮಾಡಿದರು. ಶಾಂತಿಪಾಲನೆಗೆ ಮಂಜೂರಾಗಿದ್ದ 15,000 ಸೈನಿಕರಲ್ಲಿ ಬಹಳಷ್ಟು ಮಂದಿ ಇನ್ನೂ ಬಂದೇ ಇರಲಿಲ್ಲ. ಶಿಬಿರಕ್ಕೆ ತಡೆಯಲಾರದಷ್ಟು ಜನ ನುಗ್ಗಿದರು, ಶಸ್ತ್ರ ಒಪ್ಪಿಸಿದವರಿಗೆ ಕೊಡುವ ಹಣಕ್ಕಾಗಿ ಗಲಭೆ ಎದ್ದಿತು, ಕೆಲಸ ನಿಂತಿತು. ಮತ್ತೆ ಶುರುವಾಗಿದ್ದು 2004ರ ಏಪ್ರಿಲ್‌ನಲ್ಲಿ. ಹೋರಾಟಗಾರರ ಮೊದಲ ಅಂದಾಜು 38,000 ಮಂದಿ. ಕೊನೆಗೆ ಹೆಸರು ಬರೆಸಿದವರು ಒಂದು ಲಕ್ಷಕ್ಕೂ ಹೆಚ್ಚು, ಸಿಕ್ಕ ಬಂದೂಕು ಸುಮಾರು 28,000. ಯಾಕೆಂದರೆ ಬಂದೂಕೇ ಬೇಕೆಂದಿರಲಿಲ್ಲ, 150 ಗುಂಡು ತಂದರೂ ಸಾಕಿತ್ತು. ಪಡೆಗಳ ಜೊತೆಗಿದ್ದ ಹೆಂಗಸರು, ಮಕ್ಕಳಿಗೆ ಅದೂ ಬೇಕಿರಲಿಲ್ಲ, ಅದು ಸರಿಯಾದ ನಿಯಮವೇ. ಆದರೆ 150 ಗುಂಡಿನ ಬಾಗಿಲಲ್ಲಿ ಕಮಾಂಡರ್ ತನಗೆ ಬೇಕಾದವರ ಕೈಗೆ ಗುಂಡು ಕೊಟ್ಟು ಕಳಿಸಬಹುದಿತ್ತು. ತಲೆಗೆ 300 ಡಾಲರ್, ಎರಡು ಕಂತಿನಲ್ಲಿ.

ಶಸ್ತ್ರ ಇಳಿಸುವ ಖರ್ಚು ಕಡ್ಡಾಯ ವಂತಿಗೆಯಿಂದ ಬಂತು. ಆಮೇಲಿನ ಕಸುಬಿನ ತರಬೇತಿ, ಶಾಲೆ ಫೀಸು ದೇಣಿಗೆಯನ್ನೇ ನೆಚ್ಚಿತ್ತು. ತಲೆಲೆಕ್ಕ ಅಂದಾಜಿನ ಎರಡೂವರೆ ಪಟ್ಟನ್ನೂ ಮೀರಿದಾಗ ದೇಣಿಗೆ ಆ ವೇಗದಲ್ಲಿ ಬೆಳೆಯಲಿಲ್ಲ. ಬಂದೂಕು ಕೊಟ್ಟು, ಗುರುತಿನ ಚೀಟಿ ಹಿಡಿದು, ತರಬೇತಿಗೆ ಕಾಯುತ್ತಾ ಕೂತವನ ಸ್ಥಿತಿಗಿಂತ ಅಪಾಯದ ಸ್ಥಿತಿ ಇನ್ನೊಂದಿಲ್ಲ. ನನ್ನ ಪ್ರಕಾರ ಮೊದಲು ಕಮಾಂಡರುಗಳಿಂದ ಹೆಸರಿನ ಪಟ್ಟಿ ಪಡೆದು ತಾಳೆ ನೋಡಬೇಕು, ಆ ತಲೆಲೆಕ್ಕಕ್ಕೆ ಮೊದಲ ವರ್ಷದ ತರಬೇತಿಯ ಹಣ ಕೈಗೆ ಬಂದಿರಬೇಕು. ಅಲ್ಲಿಯವರೆಗೆ ಶಿಬಿರದ ಗೇಟು ತೆರೆಯಬಾರದು.

ಹಾಗಂತ ಎಲ್ಲವನ್ನೂ ಬೆಸೆಯುವುದೂ ತಪ್ಪು. 2004ರಲ್ಲಿ ದಕ್ಷಿಣ ಅಫ್ಘಾನಿಸ್ತಾನದಲ್ಲಿ ಅಮೆರಿಕ ನೇತೃತ್ವದ ಸಮ್ಮಿಶ್ರ ಪಡೆಗಳು ಕರಪತ್ರ ಹಂಚಿದವು: ನೆರವು ಮುಂದುವರಿಯಬೇಕಾದರೆ ತಾಲಿಬಾನ್ ಬಗ್ಗೆ ಮಾಹಿತಿ ಕೊಡಿ. ಅದೇ ವರ್ಷ ಜೂನ್‌ನಲ್ಲಿ ಬದ್ಗೀಸ್ ಪ್ರಾಂತ್ಯದಲ್ಲಿ ಎಂಎಸ್‌ಎಫ್ ವೈದ್ಯಸಂಸ್ಥೆಯ ಐವರ ಕೊಲೆಯಾಯಿತು, ಜುಲೈನಲ್ಲಿ ಸಂಸ್ಥೆ ದೇಶ ಬಿಡುವುದಾಗಿ ಘೋಷಿಸಿತು. ಕೊಲೆಗಾರರ ಮೇಲೆ ಸರ್ಕಾರ ಕ್ರಮ ಕೈಗೊಳ್ಳದ್ದರ ಜೊತೆಗೆ, ಸೇನೆ ನೆರವನ್ನು ಹೀಗೆ ಬಳಸಿಕೊಂಡಿದ್ದನ್ನೂ ಅದು ದೂರಿತು.

ಹಾಗಾಗಿ ಲೆಕ್ಕ, ಕ್ಯಾಲೆಂಡರು, ನಕ್ಷೆ ಒಂದಾಗಲಿ. ನೆರವಿನವರ ಗಾಡಿ, ಕಚೇರಿ, ಲಾಂಛನ ಸೇನೆಯದಕ್ಕಿಂತ ಬೇರೆ ಇರಲಿ. ನೆರವಿನ ಗಾಡಿಗೆ ಸಶಸ್ತ್ರ ಬೆಂಗಾವಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂಬ ನಿಯಮ ಬರಹದಲ್ಲಿದೆ, ಹೊತ್ತಿಗೆ ಸರಿಯಾಗಿ ಮರೆತುಹೋಗುತ್ತದೆ. ಒಂದು ಸಂಸ್ಥೆಯ ಲಾರಿ ಒಮ್ಮೆ ಬೆಂಗಾವಲಲ್ಲಿ ಹೋದರೆ, ಮರುವಾರ ಅದೇ ರಸ್ತೆಯಲ್ಲಿ ಬೆಂಗಾವಲಿಲ್ಲದೆ ಹೋಗುವ ಇನ್ನೊಂದು ಸಂಸ್ಥೆಯ ಡ್ರೈವರನ್ನೂ ಚೆಕ್‌ಪೋಸ್ಟಿನವನು ಸೈನ್ಯದವನೆಂದೇ ನೋಡುತ್ತಾನೆ.