ಮಾತ್ರೆ ಬದಲಿಸಿದ ಸ್ವಭಾವ

ಕೈ ನಡುಗಿದರೆ ಕಾಯಿಲೆ ಅಂತೀವಿ, ನಡವಳಿಕೆ ಕೆಟ್ಟರೆ ಬುದ್ಧಿ ಕೆಟ್ಟಿದೆ ಅಂತೀವಿ. ಪಾರ್ಕಿನ್ಸನ್ ಇರುವ ಮನೆಗಳಲ್ಲಿ ಈ ಭೇದಭಾವ ಎಷ್ಟು ನೋವು ಕೊಡುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ನಮ್ಮ ದೊಡ್ಡಪ್ಪನವರಿಗೆ ಮೊದಲು ಬಂದದ್ದು ನಡುಕವಲ್ಲ. ಅಕ್ಷರ ಚಿಕ್ಕದಾಗುತ್ತಾ ಬಂತು, ದನಿ ಇಳಿಯಿತು, ಮುಖದಲ್ಲಿ ನಗು ಕಾಣದಾಯಿತು. "ಯಾಕೋ ಬಿಗುಮಾನ, ಮಾತೇ ಆಡಿಸಲ್ಲ" ಎಂದು ನೆಂಟರು ಬೇಜಾರು ಮಾಡಿಕೊಂಡರು. ಬಿಗಿದದ್ದು ಮುಖದ ಸ್ನಾಯು, ಮನಸ್ಸಲ್ಲ. ಮಾತ್ರೆ ಶುರುವಾದ ಮೇಲೆ ನಡಿಗೆ ಸಲೀಸಾಯಿತು. ಆದರೆ ಕೆಲವು ತಿಂಗಳಿಗೆ ರಮ್ಮಿ ಹಿಡಿಯಿತು. 2025ರ ಕಾಯ್ದೆ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮುಂಚಿನ ಮಾತು. ಬಸ್ಸಿನ ಚಿಲ್ಲರೆಗೂ ಲೆಕ್ಕ ಬರೆದಿಡುತ್ತಿದ್ದ ಮನುಷ್ಯ ನಡುರಾತ್ರಿ ಎದ್ದು ಕೂತು ಮೊಬೈಲಿನಲ್ಲಿ ದುಡ್ಡು ಕಟ್ಟುತ್ತಿದ್ದರು. ದೊಡ್ಡಮ್ಮ ಅತ್ತರು, ಮಕ್ಕಳು ಬೈದರು. ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ಇನ್ನೊಬ್ಬ ನರರೋಗ ತಜ್ಞರು ಕೇಳಿದ ಒಂದೇ ಪ್ರಶ್ನೆಯಿಂದ ಗುಟ್ಟು ಬಿಚ್ಚಿಕೊಂಡಿತು. ಅವರು ಆ ಮಾತ್ರೆಯನ್ನು ಹಂತಹಂತವಾಗಿ ಇಳಿಸಿದರು, ರಮ್ಮಿಯ ಹುಚ್ಚೂ ಇಳಿಯಿತು.

ನಡುಮಿದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪಗಿನ ಪಟ್ಟಿಯಿದೆ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ, ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ರಾಸಾಯನಿಕವನ್ನು ತಯಾರಿಸಿ, ಮಿದುಳಿನ ಒಳಭಾಗದಲ್ಲಿರುವ ಸ್ಟ್ರೈಯೇಟಮ್‌ಗೆ ಕಳಿಸುತ್ತವೆ. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಸಾಯುತ್ತಾ ಹೋಗುತ್ತವೆ, ಡೋಪಮೈನ್ ಕೊರತೆಯಾಗುತ್ತದೆ. ಅದನ್ನು ತುಂಬಲೆಂದೇ ಮಾತ್ರೆ. ಆದರೆ ಎಲ್ಲ ಕಡೆಯೂ ಒಂದೇ ಸಮನೆ ಕೊರತೆಯಾಗುವುದಿಲ್ಲ. ಸ್ಟ್ರೈಯೇಟಮ್‌ನಲ್ಲಿ ಚಲನೆಯನ್ನು ನೋಡಿಕೊಳ್ಳುವ ಮೇಲ್ಭಾಗ ಮೊದಲು ಬರಿದಾಗುತ್ತದೆ. ಆಸೆ, ನಿರೀಕ್ಷೆಗಳಿಗೆ ಸೇರಿದ ಕೆಳಭಾಗ ಶುರುವಿನಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಒಣಗಿದ ಗದ್ದೆಗೆಂದು ತೂಬು ಎತ್ತಿದರೆ ಪಕ್ಕದ ತುಂಬಿದ ಗದ್ದೆಗೂ ನೀರು ನುಗ್ಗುತ್ತದಲ್ಲ, ಹಾಗೆ ಮಾತ್ರೆಯ ಪ್ರಮಾಣ ಮೇಲ್ಭಾಗಕ್ಕೆ ಸರಿಹೋದರೆ ಕೆಳಭಾಗಕ್ಕೆ ಅತಿಯಾಗುತ್ತದೆ ಎನ್ನುವುದು ತಜ್ಞರು ಕೊಡುವ ಮುಖ್ಯ ವಿವರಣೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ, ಡೋಪಮೈನ್‌ನಂತೆಯೇ ಕೆಲಸ ಮಾಡುವ 'ಡೋಪಮೈನ್ ಅಗೋನಿಸ್ಟ್' ಮಾತ್ರೆಗಳಲ್ಲಿ ಈ ಅಪಾಯ ಹೆಚ್ಚು. 2010ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಅಧ್ಯಯನದಲ್ಲಿ ಜೂಜು, ಮಿತಿಮೀರಿದ ಖರೀದಿ, ಲೈಂಗಿಕ ಚಟ, ತಿನ್ನುವ ಚಟ, ಈ ನಾಲ್ಕರಲ್ಲಿ ಒಂದಾದರೂ ಅಗೋನಿಸ್ಟ್ ತೆಗೆದುಕೊಳ್ಳುತ್ತಿದ್ದವರಲ್ಲಿ ಸುಮಾರು ಶೇ. 17 ಜನರಿಗೆ ಇತ್ತು. ತೆಗೆದುಕೊಳ್ಳದವರಲ್ಲಿ ಅದು ಸುಮಾರು ಶೇ. 7.

ಡೋಪಮೈನ್ ಅಂದರೆ ಸುಖದ ರಾಸಾಯನಿಕ ಅಂತ ಎಲ್ಲ ಕಡೆ ಹೇಳುತ್ತಾರೆ, ನನಗದು ಒಪ್ಪಿಗೆಯಿಲ್ಲ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಕೋತಿಗಳ ಮೇಲೆ ಮಾಡಿದ ಪ್ರಯೋಗ ನೋಡಿ. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮೈನ್ ಕೋಶಗಳು ಜೋರಾಗಿ ಮಿಡಿದವು. ರಸ ಬರುವ ಮುಂಚೆ ಒಂದು ಸೂಚನೆ ಬರುತ್ತದೆ ಎಂದು ಕೋತಿ ಕಲಿತ ಮೇಲೆ ಸೂಚನೆಗೇ ಮಿಡಿದವು, ರಸಕ್ಕಲ್ಲ. ಸೂಚನೆ ಬಂದೂ ರಸ ಬಾರದಿದ್ದರೆ ಮಿಡಿತ ಕುಸಿಯಿತು. ಅಂದರೆ ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರ ಅಲ್ಲಿ ದಾಖಲಾಗುತ್ತದೆ. ಮಾತ್ರೆಯ ಪ್ರಭಾವದಲ್ಲಿ ಆ ಕುಸಿತವೇ ಮಂಕಾದರೆ, ಸೋಲು ಸೋಲೆಂದು ತಟ್ಟುವುದಾದರೂ ಹೇಗೆ?

ಹಾಗಂತ ಯಾರು ಏನು ಮಾಡಿದರೂ ಮಿದುಳಿನ ತಲೆಗೆ ಕಟ್ಟಿ ಅಂತ ನಾನು ಹೇಳುತ್ತಿಲ್ಲ. ಅದೇ ಮಾತ್ರೆ ನುಂಗುವ ಹೆಚ್ಚಿನವರಿಗೆ ಹೀಗಾಗುವುದಿಲ್ಲ. ಚಿಕ್ಕ ವಯಸ್ಸು, ಮನೆತನದಲ್ಲಿ ಜೂಜಿನ ಚಟ, ಇವೆಲ್ಲ ಸೇರಿಕೊಳ್ಳುತ್ತವೆ. ನನ್ನ ಸಿಟ್ಟು ಬೇರೆ: ಈ ಅಡ್ಡಪರಿಣಾಮ ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿದ್ದೂ ಎಷ್ಟೋ ಮನೆಗಳಿಗೆ ತಿಳಿಸುವವರಿಲ್ಲ. 1817ರಲ್ಲಿ ಈ ರೋಗವನ್ನು ಮೊದಲು ಸವಿವರವಾಗಿ ಬರೆದ ಜೇಮ್ಸ್ ಪಾರ್ಕಿನ್ಸನ್ ಕೂಡ ಇಂದ್ರಿಯಗಳಿಗೂ ಬುದ್ಧಿಗೂ ಇದರಿಂದ ಧಕ್ಕೆಯಿಲ್ಲ ಎಂದಿದ್ದರು. ನಾವು ಇಂದಿಗೂ ಅಲ್ಲೇ ನಿಂತಿದ್ದೇವೆ. ಪಾಪ, ರೋಗಿಗೂ ನಾಚಿಕೆ. ಅದರಲ್ಲೂ ಲೈಂಗಿಕ ಚಟವಾದರೆ ಹೆಂಡತಿ ಯಾರ ಹತ್ತಿರವೂ ಬಾಯಿಬಿಡುವ ಹಾಗಿಲ್ಲ.

ನಿಮ್ಮ ಮನೆಯಲ್ಲಿ ಈ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಬ್ಯಾಂಕ್ ಪಾಸ್‌ಬುಕ್ ನೋಡಿ, ರಾತ್ರಿ ನಿದ್ದೆ ಹೇಗಿದೆ ವಿಚಾರಿಸಿ. ಬದಲಾವಣೆ ಕಂಡರೆ ನೀವೇ ಮಾತ್ರೆ ನಿಲ್ಲಿಸಬೇಡಿ. ದಿಢೀರನೆ ನಿಲ್ಲಿಸುವುದು ಅಪಾಯಕಾರಿ. ನಸುಗುನ್ನಿ ಬೀಜದಲ್ಲೂ ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಇದೆ, ನಿಜ, ಆದರೆ ಅದರ ಪುಡಿಯನ್ನು ಯಾರೋ ಹೇಳಿದರೆಂದು ಜೊತೆಗೆ ಕೊಡಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನಡುಕದ ಜೊತೆಗೇ ಇದನ್ನೂ ಹೇಳಿ. ಅವರಾಗಿ ಕೇಳದಿದ್ದರೂ ಹೇಳಿ.