ಹಿಟ್ಲರ್ ಎಲ್ಲಿಂದ ಬಂದ ಸ್ವಾಮಿ?

ನಿನ್ನೆ ನಮ್ಮ ಓದುಗರ ಕೂಟದಲ್ಲಿ ಎಸ್ತರ್ ಡೇವಿಡ್ ಅವರ 'ಬುಕ್ ಆಫ್ ರೇಚಲ್' ಕಾದಂಬರಿಯ ಸರದಿ. ಕಾಫಿ ಇನ್ನೂ ಬಂದಿರಲಿಲ್ಲ, ಹಿರಿಯರೊಬ್ಬರು ಶುರು ಹಚ್ಚಿಕೊಂಡರು: "ಯಹೂದಿ ಲೇಖಕಿ ಅಂದ್ರಿ, ಹಿಟ್ಲರ್ ಕಾಲದ ಸಂಕಟ ಏನೂ ಕಾಣಲಿಲ್ಲವಲ್ಲಮ್ಮ!"

ನನಗೆ ಪಿತ್ತ ನೆತ್ತಿಗೇರಿತು. ಆಕೆ 1945ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದವರು. ಅಪ್ಪ ರೂಬೆನ್ ಡೇವಿಡ್ ಕಾಂಕರಿಯಾ ಕೆರೆ ಪಕ್ಕದ ಮೃಗಾಲಯ ಕಟ್ಟಿದವರು. ಆ ಮನೆಯ ಮಗಳ ಕತೆಯಲ್ಲಿ ಹುಲಿ, ಕೋತಿ ಬಂದಾವು. ಹಿಟ್ಲರ್ ಎಲ್ಲಿಂದ ಬರಬೇಕು?

ಅವರ ಜನ ಬೆನೆ ಇಸ್ರೇಲಿಗಳು, ನಮ್ಮ ದೇಶದ್ದೇ ಒಂದು ಯಹೂದಿ ಸಮುದಾಯ. ಪೂರ್ವಿಕರ ಹಡಗು ಕೊಂಕಣದ ನವಗಾಂವ್ ಹತ್ತಿರ ಒಡೆದು, ಉಳಿದವರು ದಡ ಸೇರಿದರು ಅನ್ನೋದು ಅವರ ನಂಬಿಕೆ. ಅಲ್ಲೇ ಗಾಣ ಹೂಡಿದರು. ಧರ್ಮದ ವಿಶ್ರಾಂತಿ ದಿನ ಅಂತ ಶನಿವಾರ ಮಾತ್ರ ಎಣ್ಣೆ ತೆಗೆಯುತ್ತಿರಲಿಲ್ಲ, ಅದಕ್ಕೇ ಊರವರ ಬಾಯಲ್ಲಿ 'ಶನಿವಾರ ತೇಲಿ'ಗಳಾದರು, ಅಂದರೆ ಶನಿವಾರದ ಗಾಣಿಗರು. (ಗಾಣದೆತ್ತಿಗೂ ವಾರದ ರಜೆ! ನಮ್ಮ ಆಫೀಸಿನಲ್ಲಿ ಅದೂ ಇಲ್ಲ.) ಮಾತು ಮರಾಠಿ, ಅಡ್ಡಹೆಸರು ಊರಿನ ಮೇಲೆ 'ಕರ್' ಸೇರಿಸಿ. ಹರಕೆ ತೀರಿಸುವಾಗ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲೀದಾ: ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಿಹಿ, ಹಣ್ಣು. ಇಷ್ಟೆಲ್ಲ ಎದುರಿಗಿಟ್ಟರೂ ನಮಗೆ ಯುರೋಪಿನ ಮುಳ್ಳುತಂತಿಯೇ ಬೇಕು!

"ಅಲ್ಲಮ್ಮ, ಆ ನೋವು ಇಡೀ ಜನಾಂಗದ್ದಲ್ಲವೇ?" ಅಂದರು. ಇರಬಹುದು. ಹಾಗಂತ ಮಂಗಳೂರಿನ ಕ್ರೈಸ್ತರೊಬ್ಬರು ಕತೆ ಬರೆದರೆ "ಎಲ್ಲಿ, ರೋಮ್ ಬರಲಿಲ್ಲ?" ಅಂತ ಕೇಳ್ತೀವಾ?

ನಿನ್ನೆ ಓದಿದ್ದು ಅವರಿಗೆ 2010ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಕಾದಂಬರಿ. ಮಕ್ಕಳು ಇಸ್ರೇಲಿಗೆ ಹೋದ ಮೇಲೆ ಕೊಂಕಣದ ಹಳ್ಳಿಯಲ್ಲಿ ಒಬ್ಬಳೇ ಉಳಿದ ವಿಧವೆ ರೇಚಲ್, ಪ್ರಾರ್ಥನೆ ಮಾಡುವವರೇ ಇಲ್ಲದ ಸಿನಗಾಗಿನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ದಿನಾ ಕಸ ಗುಡಿಸುತ್ತಾಳೆ. ಆ ಜಾಗದ ಮೇಲೆ ಕಣ್ಣು ಹಾಕಿದವರನ್ನು ಅಡುಗೆಮನೆಯಿಂದಲೇ ಎದುರಿಸುತ್ತಾಳೆ. ಮಕ್ಕಳೆಲ್ಲ ಪರದೇಶದಲ್ಲಿ, ಅಮ್ಮ ಊರಲ್ಲಿ. ಇದು ಅರ್ಥವಾಗೋಕೆ ಜರ್ಮನಿ ಯಾಕೆ ಬೇಕು? ಮಲೆನಾಡಿನ ಯಾವ ಮನೆಗೆ ಹೋದರೂ ಸಾಕು.

ಒಂದು ತಪ್ಪೊಪ್ಪಿಗೆ. ಇಷ್ಟು ಹಾರಾಡುವ ನಾನೂ 'ಯಹೂದಿ' ಅಂತ ನೋಡಿಯೇ, ಕಣ್ಣೀರಿಗೆ ಸಿದ್ಧಳಾಗಿ, ಈ ಪುಸ್ತಕ ಕೊಂಡಿದ್ದೆ. ಪ್ರತಿ ಅಧ್ಯಾಯದ ಶುರುವಿಗೆ ಅಡುಗೆ ವಿಧಾನ ಕಂಡು, ಥತ್, ಅಡುಗೆ ಪುಸ್ತಕ ಅಂತ ಎರಡು ವರ್ಷ ಅಟ್ಟದ ಮೇಲಿಟ್ಟಿದ್ದೆ. ಕೊನೆಗೆ ಒಳಗೆ ಕರೆದೊಯ್ದದ್ದೂ ಆ ಅಡುಗೆಯೇ. ಮಾಂಸದ ಜೊತೆ ಹಾಲು ಬೆರೆಸಬಾರದು ಅನ್ನೋ ಕಟ್ಟಳೆಗೆ ಕೊಂಕಣದ ತೆಂಗಿನಹಾಲು ದಾರಿ ತೋರಿಸಿದೆಯಲ್ಲ, ಅಲ್ಲಿ ಕೂತುಬಿಟ್ಟೆ.

ಸರ್, ನೀವು ಇದನ್ನು ಓದ್ತೀರಿ ಅಂತ ಗೊತ್ತು. ಇನ್ನೊಮ್ಮೆ ಓದೋದಾದರೆ ನನ್ನ ಪ್ರತಿ ಒಯ್ಯಿರಿ. ನಲವತ್ತನೇ ಪುಟದ ಆಚೀಚೆ ಅರಿಶಿನದ ಕಲೆ ಇದೆ, ಸ್ವಲ್ಪ ಹೊಂದಿಸಿಕೊಳ್ಳಿ.