ಬೈಟು ಇಲ್ಲ

ಗಲ್ಲಾದ ಗಾಜಿಗೆ ಅಂಟಿಸಿದ ಒಂದು ಚೀಟಿ. ಅಂಗೈಯಗಲದ್ದು, ಅದಕ್ಕೆ ಲ್ಯಾಮಿನೇಷನ್ ಬೇರೆ. ‘ಬೈಟು ಇಲ್ಲ’ ಅಂತ ದಪ್ಪಕ್ಷರ, ಕೆಳಗೆ ಸಣ್ಣದಾಗಿ ‘ದಯವಿಟ್ಟು ಸಹಕರಿಸಿ’. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಇಬ್ಬರಿಗೆ ಕೊಡುವುದಿಲ್ಲ ಅಂತ ಅರ್ಥ. ಬೆಂಗಳೂರಿನ ಬಡಾವಣೆಗಳಲ್ಲಿ ಈ ಚೀಟಿ ಒಂದೊಂದೇ ಅಂಗಡಿಯಲ್ಲಿ ಮೊಳೆಯುತ್ತಿದೆ. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಳೇ ಬೋರ್ಡಿನಲ್ಲಿ ಒಂದು ತಮಾಷೆಯಾದರೂ ಇತ್ತು. ನಾಳೆ ಬರುವುದೇ ಇಲ್ಲ ಎನ್ನುವುದು ಸಾಹುಕಾರರಿಗೂ ಗೊತ್ತು, ಗಿರಾಕಿಗೂ ಗೊತ್ತು. ಇದರಲ್ಲಿ ಅದೂ ಇಲ್ಲ. ಸಹಕರಿಸುವುದು ಅಂದರೆ ಏನು? ಒಬ್ಬೊಬ್ಬರೂ ಪೂರ್ತಿ ಲೋಟ ಕುಡಿದು ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದೇ?

ಬೀದಿ ಮೂಲೆಯ ಒಳ್ಳೆಯ ಕಾಫಿ ಅಂಗಡಿಯನ್ನು ಗುರುತಿಸುವುದು ಹೇಗೆ ಎಂಬುದು ಇಲ್ಲಿನ ವಿಷಯ. ಅದಕ್ಕೆ ಮೂರು ಲಕ್ಷಣಗಳಿವೆ, ಹೇಳುತ್ತೇನೆ. ಮೊದಲು ಈ ಚೀಟಿಯದ್ದೊಂದು ಇತ್ಯರ್ಥವಾಗಲಿ.

ಬೈಟು ಎಂದರೆ ಒಂದು ಕಾಫಿಯಲ್ಲಿ ಅರ್ಧ ಎಂದುಕೊಂಡವರು ಲೆಕ್ಕದಲ್ಲಿ ಜಾಣರಿರಬಹುದು, ಕಾಫಿಯಲ್ಲಲ್ಲ. ದರ್ಶಿನಿಯ ಒಂದು ಫುಲ್ ಕಾಫಿ ಸುಮಾರು 120 ಎಂಎಲ್ ಎಂದಿಟ್ಟುಕೊಳ್ಳಿ: 30 ಡಿಕಾಕ್ಷನ್, 90 ಹಾಲು. ಶಾಲೆಯ ಗಣಿತದ ಪ್ರಕಾರ ಬೈಟು ಎಂದರೆ ಲೋಟಕ್ಕೆ 15 ಡಿಕಾಕ್ಷನ್, 45 ಹಾಲು. ಆದರೆ ಕೌಂಟರಿನ ಒಳಗಿರುವವರ ಕೈ ಪಳಗಿರುವುದು ಫುಲ್ಲಿಗೆ. 15ಕ್ಕೆ ಗಕ್ಕನೆ ನಿಲ್ಲಿಸುವುದು ಆ ಕೈಗೆ ಒಗ್ಗುವುದಿಲ್ಲ, 20 ಬಿದ್ದೇ ಬೀಳುತ್ತದೆ. ಕಾಫಿ ಲೋಟದ ತಳದಲ್ಲಿ ಕೂತಿದ್ದರೆ ನೋಡಲು ಚೆನ್ನಾಗಿರುವುದಿಲ್ಲ ಎಂದು ಹಾಲೂ ಒಂದು ಗುಟುಕು ಜಾಸ್ತಿ. ಕೊನೆಗೆ ಒಂದೊಂದು ಲೋಟದಲ್ಲೂ 70 ಎಂಎಲ್. ಎರಡು ಅರ್ಧ ಸೇರಿ ಒಂದಕ್ಕಿಂತ ಹೆಚ್ಚಾಗುವುದು ಹೀಗೆ. ಡಿಕಾಕ್ಷನ್ನಿನ ಪಾಲು ಏರಿದ್ದರಿಂದ ಬೈಟು ತುಸು ಗಟ್ಟಿಯೂ ಹೌದು. ‘ಸ್ಟ್ರಾಂಗ್’ ಎಂದು ಕೂಗಿ ಮೇಲೆ ದುಡ್ಡು ತೆರುವವರು ಇದನ್ನು ಗಮನಿಸಿದಂತಿಲ್ಲ.

ಬೈಟು ಬಂದಮೇಲೆ ಉಳಿದ ಭಿನ್ನರಾಶಿಗಳೂ ಬಂದವು. ಮೂರು ಜನಕ್ಕೆ ಟೂ ಬೈ ತ್ರೀ, ತಲೆಗೆ 80 ಎಂಎಲ್. ಇದು ಮರ್ಯಾದಸ್ಥ ಅಳತೆ. ತ್ರೀ ಬೈ ಫೋರ್ ಎಂದರೆ 90. ಇದಕ್ಕೆ ಹೋಗುವವರು ಫುಲ್ಲನ್ನೇ ಕುಡಿಯಬಹುದಿತ್ತು, ಕೈ ಬಿಗಿ. ತ್ರೀ ಬೈ ಫೈವ್ 72ಕ್ಕೆ ಬಂದು ನಿಲ್ಲುತ್ತದೆ, ಆಫೀಸಿನವರ ಮೆಚ್ಚಿನದು, ಏಕೆಂದರೆ ಒಂದು ಕಾರಿನಲ್ಲಿ ಬರುವವರು ಐದೇ ಜನ. ಒನ್ ಬೈ ತ್ರೀ ಎಂದರೆ 40. ಅದನ್ನು ಕೇಳುವವರು ಆಮೇಲೆ ಆ ಕೌಂಟರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಹಾಗಿಲ್ಲ. ಫೋರ್ ಬೈ ಸಿಕ್ಸ್ ಎಂದು ಯಾರೂ ಹೇಳುವುದಿಲ್ಲ, ‘ಟೂ ಬೈ ತ್ರೀ ಎರಡು ಕೊಡಿ ಅಣ್ಣ’ ಎನ್ನುತ್ತಾರೆ. ಭಿನ್ನರಾಶಿಯನ್ನು ಸಂಕ್ಷೇಪಿಸುವುದನ್ನು ಈ ಊರು ಕಲಿತದ್ದು ಕೌಂಟರಿನ ಮುಂದೆಯೇ ಇರಬೇಕು.

ಇಷ್ಟೆಲ್ಲ ಇದ್ದೂ ಒಂದು ಗೊಂದಲ ಇನ್ನೂ ಬಗೆಹರಿದಿಲ್ಲ. ‘ಎರಡು ಬೈಟು’ ಎಂದರೆ ಎರಡು ಕಾಫಿಯನ್ನು ನಾಲ್ಕು ಮಾಡುವುದೋ, ಒಂದನ್ನು ಎರಡು ಮಾಡುವುದೋ? ಬಸವನಗುಡಿಯವರನ್ನು ಕೇಳಿದರೆ ಮೊದಲನೆಯದು ಎಂದಾರು, ಅವರ ಪಕ್ಕದಲ್ಲಿ ನಿಂತವರು ಎರಡನೆಯದು ಎಂದಾರು, ಇಬ್ಬರೂ ಬಸವನಗುಡಿಯವರೇ. ಕೌಂಟರಿನವರು ಬಾಯಿಮಾತನ್ನು ನಂಬುವುದಿಲ್ಲ. ತಲೆ ಎತ್ತಿ ಎಷ್ಟು ಜನ ನಿಂತಿದ್ದಾರೆ ಎಂದು ನೋಡಿ ಅಷ್ಟು ಲೋಟ ಇಡುತ್ತಾರೆ. ಒಬ್ಬಂಟಿಯಾಗಿ ಬಂದು ಬೈಟು ಕೇಳಿದವರ ಮುಂದೆ ಒಂದೇ ಲೋಟ ಬಂದು ಕೂರುವುದು ಇದರಿಂದಲೇ.

ಬೈಟುವಿಗೆ ಒಂದು ದೋಷವಿದೆ, ಅದನ್ನು ಮುಚ್ಚಿಡುವುದಿಲ್ಲ: ಬೇಗ ಆರುತ್ತದೆ. 60 ಗ್ರಾಂ ತೂಕದ ಸ್ಟೀಲ್ ಲೋಟ ಬಿಸಿಯಾಗುವುದಕ್ಕೆ 7 ಎಂಎಲ್ ನೀರಿನಷ್ಟು ಶಾಖ ಎಳೆದುಕೊಳ್ಳುತ್ತದೆ. 80 ಡಿಗ್ರಿಯ ಫುಲ್ ಕಾಫಿ ತಣ್ಣನೆಯ ಲೋಟಕ್ಕೆ ಬಿದ್ದರೆ ಲೋಟಕ್ಕೆ ಸಲ್ಲಿಸುವ ಸುಂಕ 3 ಡಿಗ್ರಿ. ಅದೇ ಲೋಟಕ್ಕೆ ಅರ್ಧ ಕಾಫಿ ಬಿದ್ದರೆ ಸುಂಕ 6 ಡಿಗ್ರಿಯ ಹತ್ತಿರ. ಅಂದರೆ ಕಾಫಿ ಅರ್ಧವಾದರೂ ಲೋಟ ತನ್ನ ಪಾಲನ್ನು ಕಮ್ಮಿ ಮಾಡಿಕೊಳ್ಳುವುದಿಲ್ಲ. ತಿಳಿದ ಅಂಗಡಿಯವರು ಲೋಟಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿಟ್ಟು, ಒಮ್ಮೆ ಕೊಡವಿ, ಆಮೇಲೆ ಸುರಿಯುತ್ತಾರೆ. ಹಾಂ, ಮೊದಲನೆಯ ಲಕ್ಷಣ ಇದೇ: ಲೋಟ ಬಿಸಿಯಾಗಿದೆಯೇ ನೋಡಿ. ತೊಳೆದ ತಣ್ಣೀರು ತಳದಲ್ಲಿ ಒಂದು ಚಮಚ ಉಳಿದಿರುವ ಲೋಟಕ್ಕೆ ಕಾಫಿ ಹೊಯ್ಯುವ ಅಂಗಡಿಯಲ್ಲಿ ಪುಡಿ ಎಷ್ಟೇ ಉತ್ತಮವಾಗಿದ್ದರೂ ಉಪಯೋಗವಿಲ್ಲ.

ಅಂಗಡಿಯವರ ಕಡೆಗೂ ನ್ಯಾಯವಿಲ್ಲ ಎಂದಲ್ಲ. ಒಂದು ಕಾಫಿಗೆ ಎರಡು ಲೋಟ ತೊಳೆಯಬೇಕು, ನಿಲ್ಲುವ ಟೇಬಲ್ಲಿನ ಸುತ್ತ ಒಬ್ಬರ ಜಾಗದಲ್ಲಿ ಇಬ್ಬರು, ಹಾಲಿನ ದರ, ಬಾಡಿಗೆ, 19 ಕಿಲೋ ಸಿಲಿಂಡರು. ಬೈಟುವಿಗೆ ಒಂದೆರಡು ರೂಪಾಯಿ ಮೇಲೆ ಹಾಕಿದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಹಾಗೆ ಮಾಡುವ ಅಂಗಡಿಗಳೂ ಇವೆ. ಆದರೆ ಎಷ್ಟೋ ಕಡೆ ‘ಬೈಟು ಯಾಕಿಲ್ಲ’ ಎಂದು ಕೇಳಿದರೆ ಬರುವ ಉತ್ತರ ಬೇರೆ: ‘ಸರ್, ಸಿಸ್ಟಮ್ಮಲ್ಲಿ ಬರಲ್ಲ.’ ಬಿಲ್ಲಿನ ಯಂತ್ರದಲ್ಲಿ ಅರ್ಧಕ್ಕೆ ಗುಂಡಿ ಇಲ್ಲವಂತೆ. ಹಾಲು ಇದೆ, ಡಿಕಾಕ್ಷನ್ ಇದೆ, ಲೋಟ ಇದೆ, ಹೊಯ್ಯುವ ಕೈ ಇದೆ, ಕುಡಿಯುವ ಬಾಯಿ ಎರಡಿವೆ, ಗುಂಡಿ ಒಂದಿಲ್ಲ. ಇದಕ್ಕೆ ಸಿಟ್ಟು ಬರದವರು ಕಾಫಿ ಬಿಟ್ಟು ಗ್ರೀನ್ ಟೀ ಕುಡಿಯಲಿ.

ಎರಡನೆಯ ಲಕ್ಷಣ ಡಿಕಾಕ್ಷನ್ನಿನದು. ಅಂಗಡಿಗೆ ಹೋದ ಕೂಡಲೇ ಗಲ್ಲಾ ನೋಡಬೇಡಿ, ಡಿಕಾಕ್ಷನ್ ಪಾತ್ರೆ ಎಲ್ಲಿದೆ ನೋಡಿ. ಬಿಸಿನೀರಿನ ಮೇಲೆ ಕೂತಿದ್ದರೆ ಸರಿ. ನೇರ ಒಲೆಯ ಮೇಲಿದ್ದರೆ ಟೋಕನ್ ತೆಗೆದುಕೊಳ್ಳುವ ಮೊದಲೇ ವಾಪಸ್ ಬನ್ನಿ, ಏಕೆಂದರೆ ಒಮ್ಮೆ ಕುದಿ ಬಂದ ಡಿಕಾಕ್ಷನ್ನಿನಲ್ಲಿ ಪರಿಮಳ ಹಾರಿಹೋಗಿ ಕಹಿ ಮಾತ್ರ ಉಳಿಯುತ್ತದೆ. ಮನೆಯ ಫಿಲ್ಟರಿನ ಲೆಕ್ಕ ಇಟ್ಟುಕೊಂಡರೆ ಹೋಟೆಲಿನದೂ ಅರ್ಥವಾಗುತ್ತದೆ. 20 ಗ್ರಾಂ ಪುಡಿಗೆ 100 ಎಂಎಲ್ ನೀರು ಹಾಕಿದರೆ ಪುಡಿಯೇ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಕೆಳಗಿಳಿಯುವುದು 60 ಎಂಎಲ್, ಅಂದರೆ ಎರಡು ಫುಲ್. ಪುಡಿ ನುಣ್ಣಗಾದರೆ, ಅಥವಾ ಮೇಲಿನ ಬಿಲ್ಲೆಯನ್ನು ಬಲವಾಗಿ ಒತ್ತಿದರೆ ತೊಟ್ಟಿಕ್ಕುವುದೇ ಇಲ್ಲ. ತರಿಯಾದರೆ ನೀರು ನೀರಾಗಿ ಐದೇ ನಿಮಿಷದಲ್ಲಿ ಇಳಿದುಬಿಡುತ್ತದೆ. ಹದವಾದದ್ದಕ್ಕೆ ಹದಿನೈದಿಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಕಾಯುವ ವ್ಯವಧಾನವಿಲ್ಲದೆ ಅದೇ ಪುಡಿಯ ಮೇಲೆ ಇನ್ನೊಂದು ಸಲ ನೀರು ಸುರಿದದ್ದೇ ಎರಡನೇ ಡಿಕಾಕ್ಷನ್. ಬೆಳಗಿನ ನೂಕುನುಗ್ಗಲು ಮುಗಿದು ಹನ್ನೊಂದು ಗಂಟೆಗೆ ಹೋದವರ ಪಾಲಿಗೆ ಸಿಗುವುದು ಸಾಮಾನ್ಯವಾಗಿ ಅದು. ಕಾಫಿ ಇಟ್ಟಿಗೆ ಬಣ್ಣ ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿದ್ದರೆ ಬೇರೆ ಸಾಕ್ಷಿ ಬೇಡ. ಹಾಗಾಗಿ ಹೊಸ ಅಂಗಡಿಯೊಂದನ್ನು ಪರೀಕ್ಷೆ ಮಾಡುವವರು ಬೆಳಿಗ್ಗೆ ಏಳರೊಳಗೆ ಹೋಗಬೇಕು, ಇಲ್ಲವೇ ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಸಂಜೆಯ ಫಿಲ್ಟರ್ ಇಳಿಯುವ ಸಮಯಕ್ಕೆ.

ಬಣ್ಣದ ಮಾತು ಬಂದದ್ದರಿಂದ ಚಿಕೋರಿಯ ಬಗ್ಗೆ ಒಂದೆರಡು ಮಾತು. ಅದು ಹುರಿದು ಪುಡಿ ಮಾಡಿದ ಒಂದು ಬೇರು. ಅದರಲ್ಲಿ ಕೆಫೀನ್ ಇಲ್ಲ, ಬಣ್ಣ ಬೇಕಾದಷ್ಟು. ಹಾಲಿನ ಕಾಫಿಗೆ ನೂರಕ್ಕೆ 15–20ರಷ್ಟು ಚಿಕೋರಿ ಇದ್ದರೆ ಮೈತುಂಬಿ ಬರುತ್ತದೆ, ಅದನ್ನು ಬೈಯುವವರದ್ದು ಬರೀ ಮಡಿವಂತಿಕೆ. ಕಾನೂನು 49ರವರೆಗೆ ಬಿಡುತ್ತದೆ, ಆದರೆ ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಬೇಕು. ಲೋಟದ ಮೇಲೆ ಯಾರು ಅಚ್ಚು ಹಾಕುತ್ತಾರೆ? ಮನೆಯಲ್ಲಾದರೆ ಒಂದು ಗಾಜಿನ ಲೋಟ ತಣ್ಣೀರಿಗೆ ಚಿಟಿಕೆ ಪುಡಿ ಉದುರಿಸಿ ನೋಡಬಹುದು, ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ಮುಳುಗುತ್ತದೆ. ಅಂಗಡಿಯಲ್ಲಿ ಮೂಗೇ ಗತಿ. ನೋಡಲು ಕಡುಕಪ್ಪು, ಮೂಗಿಗೆ ಏನೂ ಇಲ್ಲ ಎಂದಾದರೆ ಕುಡಿಯುತ್ತಿರುವುದು ಬೇರಿನ ಕಷಾಯ.

ಇಷ್ಟು ಹೊತ್ತು ಹೇಳಿದ್ದು ಬೀದಿಯ ಅಂಗಡಿಗಳ ಮಾತು. 1924ರ ಮಾವಳ್ಳಿ ಟಿಫಿನ್ ರೂಮಿನ ಬೆಳ್ಳಿ ಲೋಟವಾಗಲಿ, ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನವಾಗಲಿ ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಇಡೀ ಊರಿನ ಸ್ವತ್ತು. ಸಾಲು ನಿಂತು ಫೋಟೋ ತೆಗೆಸಿಕೊಳ್ಳುವವರಿಗೂ ಸೇರಿದವು. ಇಂಡಿಯಾ ಕಾಫಿ ಹೌಸಿನದು ಇನ್ನೊಂದು ಕಥೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರೇ ಸೇರಿ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿದರು. ಎಂ.ಜಿ. ರಸ್ತೆಯ ಹಳೇ ಜಾಗ ಬಿಟ್ಟು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂದರೂ ಬಿಳಿ ರುಮಾಲು, ಪಿಂಗಾಣಿ ಕಪ್ಪು ಜೊತೆಗೇ ಬಂದವು. ‘ಸಹಕರಿಸಿ’ ಎಂಬ ಮಾತನ್ನು ಚೀಟಿಯಲ್ಲಿ ಬರೆಯುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗಿದೆ.

ಬೀದಿಯದು ಎಂದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಥರದ್ದು. ಶುರುವಾದದ್ದು 1965ರಲ್ಲಿ. ಎಷ್ಟೋ ವರ್ಷಗಳಿಂದ ಅದೇ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಚಟ್ನಿ. ಸಾಂಬಾರಿನ ಗೋಜೇ ಇಲ್ಲ. ಈಗ ಅದಕ್ಕೂ ದೂರದೂರದವರು ಬರುತ್ತಾರೆ ಎನ್ನಿ. ಆದರೆ ಕಾಫಿ ಹಿಡಿದು ಫುಟ್‌ಪಾತಿನಲ್ಲೇ ನಿಲ್ಲಬೇಕಾದ್ದರಿಂದ ಅದು ಬೀದಿ ಬಿಟ್ಟು ಹೋಗಿಲ್ಲ.

ಹೊಸ ಪೀಳಿಗೆಯ ಪುಟ್ಟ ಕೆಫೆಗಳನ್ನು ಗೇಲಿ ಮಾಡುವುದು ಸುಲಭ. ಚಿಕ್ಕಮಗಳೂರಿನ ತೋಟದ ಬೀಜ, ಗೋಡೆಯ ಮೇಲೆ ಕಿತ್ತಳೆ ಸಿಪ್ಪೆ–ಬೆಲ್ಲ–ಮಲ್ಲಿಗೆ ಎಂದು ರುಚಿಯ ವಿವರ, 15 ಗ್ರಾಂ ಪುಡಿಯ ಮೇಲೆ 250 ಎಂಎಲ್ ನೀರನ್ನು ದೇವರಿಗೆ ಅಭಿಷೇಕ ಮಾಡುವಂತೆ ಸುತ್ತಿ ಸುತ್ತಿ ಹೊಯ್ಯುವ ಹುಡುಗ. ಮಲ್ಲಿಗೆ ಬೇಕಿದ್ದರೆ ಗಾಂಧಿಬಜಾರಿಗೆ ಹೋಗಬಹುದಲ್ಲ ಎನಿಸುತ್ತದೆ. ಆದರೆ ಆ ಹುಡುಗ ಎರಡು ಕೆಲಸ ಸರಿಯಾಗಿ ಮಾಡುತ್ತಾನೆ. ಬೀಜವನ್ನು ಆಗಿಂದಾಗಲೇ ಪುಡಿ ಮಾಡುತ್ತಾನೆ, ಹುರಿದ ತಾರೀಖನ್ನು ಚೀಲದ ಮೇಲೆ ಬರೆದಿಡುತ್ತಾನೆ. ಡಬ್ಬಿಯಲ್ಲಿ ವಾರಗಟ್ಟಲೆ ಬಾಯಿ ತೆರೆದು ಕೂತ ಪುಡಿಯನ್ನು ‘ಸಂಪ್ರದಾಯ’ ಎನ್ನುವವರು ಇದನ್ನು ಅವನಿಂದ ಕಲಿಯಬಹುದು. ಒಂದೇ ತೊಂದರೆ, ಆ ಕಾಫಿಯನ್ನು ಬೈಟು ಮಾಡಿ ಎಂದರೆ ಅವನ ಮುಖ ನೋಡಲಾಗುವುದಿಲ್ಲ.

ಮೂರನೆಯ ಲಕ್ಷಣ ಬಟ್ಟಲು. ಸ್ಟೀಲ್ ಲೋಟದ ಜೊತೆಗಿನ ಬಟ್ಟಲನ್ನು ಅಂಗಡಿಗಳು ಕೈಬಿಟ್ಟದ್ದು ಮಾತ್ರ ಕ್ಷಮಿಸುವಂಥದ್ದಲ್ಲ. ಎಷ್ಟೋ ಕೌಂಟರುಗಳಲ್ಲಿ ಮೊದಲು ಸಕ್ಕರೆ, ಅದರ ಮೇಲೆ ಡಿಕಾಕ್ಷನ್, ಆಮೇಲೆ ಎತ್ತರದಿಂದ ಹಾಲು, ಕೊನೆಯಲ್ಲಿ ನೊರೆಯ ಮೇಲೊಂದು ತೊಟ್ಟು ಡಿಕಾಕ್ಷನ್. ನೋಡಲು ಚೆಂದ, ಆದರೆ ಸಕ್ಕರೆ ತಳದಲ್ಲೇ ಇರುತ್ತದೆ. ಬಟ್ಟಲಿದ್ದರೆ ಎರಡು ಸಲ ಎತ್ತಿ ಹೊಯ್ದು ಕಲಸಬಹುದು. ಬಟ್ಟಲಿಲ್ಲದ ಗಾಜಿನ ಲೋಟದಲ್ಲಿ ಮೊದಲ ಗುಟುಕು ಕಷಾಯ, ಕೊನೆಯ ಗುಟುಕು ಪಾಯಸ. ಕಾಗದದ ಕಪ್ಪಿನ ಸುದ್ದಿಯನ್ನು ಇಲ್ಲಿ ಎತ್ತುವುದೇ ಬೇಡ.

ಬಟ್ಟಲು ಇದ್ದಿದ್ದರೆ ಆ ಚೀಟಿಯೂ ಇಷ್ಟು ನೋಯಿಸುತ್ತಿರಲಿಲ್ಲ. ಅರ್ಧ ಲೋಟದಲ್ಲಿ, ಅರ್ಧ ಬಟ್ಟಲಲ್ಲಿ, ಯಾರನ್ನೂ ಕೇಳಬೇಕಾಗಿರಲಿಲ್ಲ. ಈಗಿರುವ ದಾರಿ ಒಂದೇ. ಒಂದು ಫುಲ್ಲಿಗೆ ಟೋಕನ್ ತೆಗೆದುಕೊಳ್ಳಿ, ಕಾಫಿ ಕೈಗೆ ಬಂದ ಮೇಲೆ ‘ಅಣ್ಣ, ಒಂದು ಖಾಲಿ ಲೋಟ ಕೊಡಿ’ ಎನ್ನಿ. ಸಾಧ್ಯವಾದರೆ ಬಿಸಿನೀರಿನಿಂದ ಎತ್ತಿದ್ದು. ಖಾಲಿ ಲೋಟಕ್ಕೆ ಯಂತ್ರದಲ್ಲಿ ಗುಂಡಿ ಬೇಕಿಲ್ಲವಾದ್ದರಿಂದ ಕೊಡುತ್ತಾರೆ. ಪಾಲಿನ ಜಗಳ ಬಾರದಿರಲು ಒಬ್ಬರು ಸುರಿಯಬೇಕು, ಇನ್ನೊಬ್ಬರು ಲೋಟ ಆರಿಸಿಕೊಳ್ಳಬೇಕು. ಸುರಿಯುವವರ ಕೈ ತಾನಾಗಿ ತಕ್ಕಡಿಯಾಗುತ್ತದೆ. ಒಂದನ್ನು ಮಾತ್ರ ಈ ಉಪಾಯ ಬಗೆಹರಿಸುವುದಿಲ್ಲ. ಎಷ್ಟೇ ಹುಷಾರಾಗಿ ಬಗ್ಗಿಸಿದರೂ ಕಾಫಿ ಎರಡಾಗುತ್ತದೆ, ನೊರೆ ಎರಡಾಗುವುದಿಲ್ಲ, ಯಾವುದಾದರೂ ಒಂದು ಲೋಟಕ್ಕೇ ಜಾರಿಕೊಳ್ಳುತ್ತದೆ. ಆರಿಸಿಕೊಳ್ಳುವವರು ಆ ಲೋಟಕ್ಕೇ ಕೈ ಹಾಕುತ್ತಾರೆ. ಸುರಿದವರು ‘ನೊರೆ ಅಂದ್ರೆ ಬರೀ ಗಾಳಿ ಕಣ್ರೀ’ ಎಂದು ಹೇಳುತ್ತಾ ಅದನ್ನೇ ನೋಡುತ್ತಿರುತ್ತಾರೆ.